ಅಳಿಸಿದ್ದೂ ಎದ್ದು ಬರುತ್ತದೆ

ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು ಅರ್ಧಕ್ಕೆ ಬಂದಿದೆ. ಬೀದಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ನಾಲ್ಕು ಜನ ನಿಂತರೆ ತುಂಬಿಹೋಗುವ ಈ ಅಂಗಡಿಗೆ ಪೊರಕೆ ಕಾಲಿಡುವ ಹಾಗಿಲ್ಲ. ಗುಡಿಸಿದರೆ ಧೂಳೇಳುತ್ತದೆ, ಧೂಳೆದ್ದರೆ ಕೆಲಸ ಕೆಟ್ಟಿತು. ಕೆಟ್ಟುಹೋದ ಕಂಪ್ಯೂಟರಿನ ಹೊಟ್ಟೆಯಿಂದ ಜನರ ಫೋಟೊ, ಕಾಗದಪತ್ರ ಹೆಕ್ಕಿ ಕೊಡುವ ಈ ಹೆಂಗಸನ್ನು ಬೀದಿಯೆಲ್ಲ ಕರೆಯುವುದು ಡಿಸ್ಕಕ್ಕ ಎಂದೇ.

ಅಪ್ಪನದು ಗಡಿಯಾರ ರಿಪೇರಿ. ಹತ್ತನೇ ವಯಸ್ಸಿಗೇ ಚಿಮಟ ಹಿಡಿದ ಕೈ ಇವರದು. ಎಲ್ಲರ ಜೇಬಿಗೂ ಮೊಬೈಲು ಬಂದು ಗಡಿಯಾರ ಕೇಳುವವರೇ ಇಲ್ಲದಾದಾಗ ನಲವತ್ತು ದಾಟಿತ್ತು. ಕಂಪ್ಯೂಟರ್ ರಿಪೇರಿಯವರೊಬ್ಬರ ಬಳಿ ಎರಡು ವರ್ಷ ಕೂತು ಕಲಿತರು. ಹೊಸದರಲ್ಲಿ ಒಂದು ಎಡವಟ್ಟೂ ಆಯಿತು. ಟೀಚರೊಬ್ಬರ ಫೈಲುಗಳನ್ನು ಹುಡುಕಿ ತೆಗೆದವರು ಅವಸರದಲ್ಲಿ ಅದೇ ಡಿಸ್ಕಿಗೆ ತುಂಬಿಬಿಟ್ಟರು. ಸಿಕ್ಕಿದ್ದು ಹೋಗಿ ಸಿಗಬೇಕಾದ್ದರ ಮೇಲೆ ಕೂತು, ಉಳಿದದ್ದೆಲ್ಲ ಹಾಳಾಯಿತು.

"ತೋಡಿದ ಮಣ್ಣನ್ನ ಅದೇ ಬಾವಿಗೆ ಸುರಿದೆ. ಆ ಟೀಚರ್ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ.

ಈಗ ಮೊದಲು ಡಿಸ್ಕಿನ ಪೂರ್ತಿ ನಕಲು ತೆಗೆದಿಟ್ಟು, ಆಮೇಲೆ ನಕಲಿನಲ್ಲಿ ಹುಡುಕುತ್ತಾರೆ. ವಾರಕ್ಕೆ ಹತ್ತು ಹನ್ನೆರಡು ಬರುತ್ತವೆ, ಏಳೆಂಟು ಬದುಕುತ್ತವೆ.

ಇವತ್ತಿನದು ಬಡಗಿಯೊಬ್ಬರದು. ನೆಲ ಒಣಗುವ ಮೊದಲೇ ಗಂಡ ಹೆಂಡತಿ ಬಂದು ಕೂತಿದ್ದಾರೆ. ಮೂರು ವರ್ಷದ ಹಿಂದೆ ತೀರಿಕೊಂಡ ಬಡಗಿಯ ತಾಯಿಯ ಫೋಟೊಗಳೆಲ್ಲ ಆ ಡಿಸ್ಕಿನಲ್ಲಿವೆ. ಮಾತು ಬಿಟ್ಟು ದೂರ ಹೋದ ತಮ್ಮ ಈಗ ಯಾರ ಕೈಲೋ ಹೇಳಿಕಳಿಸಿ ಅವನ್ನು ಕೇಳಿದ್ದಾನೆ. ಹಾಸಿಗೆ ಹಿಡಿದ ಅತ್ತೆ ದೊಡ್ಡ ಮಗನ ಕೈಲಿ ಕಂಪ್ಯೂಟರಿನಲ್ಲಿ ಬರೆಸಿದ ಪತ್ರಕ್ಕೂ ಬರದ ಕಲ್ಲೆದೆಯವನು, ಆದರೂ ತಾಯಿಯ ಮುಖ ಕೇಳಿದರೆ ಇಲ್ಲವೆನ್ನಬಾರದು ಎಂಬುದು ಹೆಂಡತಿಯ ನ್ಯಾಯ. ಫೋಟೊ ಸಿಗದಿದ್ದರೆ ಉಳಿದ ಎಳೆಯೂ ಕಡಿದಂತೆ. ಬಡಗಿ ತಲೆ ತಗ್ಗಿಸಿ ಉಗುರು ಕೆರೆಯುತ್ತಿದ್ದಾರೆ.

ಬಿಸಿಲೇರುವ ಹೊತ್ತಿಗೆ ಮುನ್ನೂರ ಹನ್ನೆರಡು ಫೋಟೊ ಮರಳಿ ಬರುತ್ತವೆ. ಹೆಂಡತಿ ಎದ್ದು ಪರದೆಯ ಮೇಲಿನ ಕೆನ್ನೆ ಸವರುತ್ತಾರೆ.

"ಮುಟ್ಬೇಡಿ ಕಣಮ್ಮ, ನಿಮ್ಮತ್ತೆಗೆ ಕಚಗುಳಿ ಆಗುತ್ತೆ," ಎಂದು ಡಿಸ್ಕಕ್ಕ ನಗಿಸುತ್ತಾರೆ.

ಹುಡುಕುವಾಗ ಕಳೆದದ್ದಷ್ಟೇ ಬರುವುದಿಲ್ಲ, ಬೇಕೆಂದೇ ಅಳಿಸಿದ್ದೂ ಎದ್ದು ಬರುತ್ತದೆ. ಅದನ್ನು 'ಅಳಿಸಿದ್ದು' ಎಂದು ಹೆಸರಿಟ್ಟು ಬೇರೆ ರಾಶಿ ಹಾಕಿ, ಓದದೆ ಕೊಡುವುದು ಇವರ ಕಟ್ಟಳೆ. ಫೈಲುಗಳಿಗೆ ಜೀವವಿದೆಯೋ ನೋಡಲು ಒಂದನ್ನು ಮಾತ್ರ ತೆರೆಯುತ್ತಾರೆ. ತೆರೆದದ್ದು ಒಂದು ಪತ್ರ: 'ಚಿಕ್ಕೋನೇ, ನಾನು ಹಾಸಿಗೆ ಹಿಡ್ದಿದೀನಿ. ಒಂದ್ಸಲ ಬಂದು ಹೋಗು. ಹಳೇದು ಯಾರೂ ಎತ್ತಲ್ಲ.'

ಮುಚ್ಚುವಷ್ಟರಲ್ಲಿ ಹೆಂಡತಿ ಓದಿಯಾಗಿದೆ.

"ಇದನ್ನ ಕಳಿಸಿದೀನಿ ಅಂದಿದ್ರಿ. ಕಳಿಸಿದ್ರೆ ಅಳಿಸಿದ್ದು ಯಾಕೆ?"

ಬಡಗಿ ಪರದೆಯ ಕಡೆ ನೋಡದೆ ಹೇಳುತ್ತಾರೆ.

"ಕಳಿಸ್ಲಿಲ್ಲ. ಹನ್ನೊಂದು ವರ್ಷ ಅಮ್ಮನ್ನ ನೋಡ್ಕೊಂಡಿದ್ದು ನಾನು. ಕೊನೇಲಿ ಅವನ ಕೈ ಹಿಡ್ಕೊಂಡು ಕಣ್ಣು ಮುಚ್ತಾಳೆ ಅನ್ನಿಸ್ತು."

ಹೆಂಡತಿ ಮುಖ ತಿರುಗಿಸುತ್ತಾರೆ. ನಾಲ್ಕು ತಿಂಗಳು ಗೇಟು ಸದ್ದಾದಾಗಲೆಲ್ಲ ಅತ್ತೆ ತಲೆ ಎತ್ತಿ ನೋಡುತ್ತಿದ್ದರಂತೆ. ಬರದ ಮೈದುನನಿಗೆ ಅಷ್ಟೂ ದಿನ ಶಾಪ ಹಾಕಿದ್ದು ತಾನೇ ಎಂದು ಆಕೆ ಹೇಳುವುದು ಗಂಡನಿಗಲ್ಲ, ಗೋಡೆಗೆ. ಡಿಸ್ಕಕ್ಕ ಕೀಲಿಮಣೆಯಿಂದ ಕೈ ತೆಗೆಯುತ್ತಾರೆ. ಇಷ್ಟು ವರ್ಷದಲ್ಲಿ ಬೇರೆಯವರ ಮನೆಯ ಮಾತಿಗೆ ಬಾಯಿ ಹಾಕಿದವರಲ್ಲ. ಇವತ್ತು ಬಡಗಿಯ ಕಡೆ ತಿರುಗುತ್ತಾರೆ.

"ಇದನ್ನ ಮತ್ತೆ ಅಳಿಸ್ಲಾ, ಪ್ರಿಂಟ್ ಹಾಕ್ಲಾ? ಎರಡೂ ನಂಗೆ ಬರುತ್ತೆ."

"ಪ್ರಿಂಟ್ ಹಾಕಿ ಅಕ್ಕ."

ಬಡಗಿ ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಹಾಳೆಯ ಕೆಳಗೆ ಬರೆಯುತ್ತಾರೆ: 'ಅಮ್ಮ ಬರೆಸಿದ್ದು. ಕಳಿಸದವನು ನಾನು.' ಪತ್ರವನ್ನೂ ಫೋಟೊ ತುಂಬಿದ ಪೆನ್‌ಡ್ರೈವನ್ನೂ ಹೆಂಡತಿ ಲಕೋಟೆಗೆ ಹಾಕಿ, ಅಂಟಿಸಿ, ಮೈದುನನ ವಿಳಾಸ ಬರೆದ ಮೇಲೆ ಬಡಗಿ ಕೈ ಚಾಚುತ್ತಾರೆ. ಆಕೆ ಕೊಡುವುದಿಲ್ಲ, ಡಿಸ್ಕಕ್ಕನ ಕಡೆ ತಿರುಗುತ್ತಾರೆ.

"ನೀವು ಬನ್ನಿ ಅಕ್ಕ, ನನ್ ಜೊತೆ."

ಡಿಸ್ಕಕ್ಕ ಅಂಗಡಿಗೆ ಬೀಗ ಹಾಕುತ್ತಾರೆ. ಮೂಲೆಯ ಅಂಚೆ ಕಚೇರಿ ಆಗತಾನೇ ತೆರೆದಿದೆ. ಬಡಗಿ ಹತ್ತು ಹೆಜ್ಜೆ ಹಿಂದೆ ಬಂದು ಬಾಗಿಲ ಹೊರಗೇ ನಿಂತಿದ್ದಾರೆ. ಗುಮಾಸ್ತರು ಲಕೋಟೆ ಎಳೆದುಕೊಳ್ಳಲು ನೋಡಿದರೂ ಹೆಂಡತಿಯ ಬೆರಳುಗಳು ಅದರ ಮೇಲೆಯೇ ಇವೆ. ಮುದ್ರೆ ಬಿದ್ದ ಸದ್ದು ಕೇಳಿದ ಮೇಲೆಯೇ ಆಕೆ ಕೈ ತೆಗೆಯುವುದು.