ಕದಿರಮ್ಮನ ಹೆಸರಿನ ಮುಂದೆ ಗೀಟಿಲ್ಲ

ಕದಿರಮ್ಮನಷ್ಟು ಜಾಣೆ ನಮ್ಮ ತರಗತಿಯಲ್ಲಿ ಇನ್ನೊಬ್ಬಳಿರಲಿಲ್ಲ. ಈ ಮಾತನ್ನು ಹೇಳಬೇಕಾದವನು ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಆ ದರಿದ್ರದವನು ನಾನೇ, ಕೋನಪ್ಪ, ಎಂಟನೇ ತರಗತಿಯ ಮಾನಿಟರು.

ಅದು ಐವತ್ತೆಂಟನೇ ಇಸವಿ. ದಿಬ್ಬೂರಹಳ್ಳಿಯಿಂದಾಚೆ, ಆಂಧ್ರದ ಗಡಿಗೆ ಹತ್ತಿರದ ನಮ್ಮೂರ ಮಿಡ್ಲ್ ಸ್ಕೂಲಿಗೆ ವೆಂಕಟರವಣಪ್ಪ ಮೇಷ್ಟ್ರು ಹೊಸದಾಗಿ ಬಂದಿದ್ದರು. ಮಕ್ಕಳು ಬರೀ ಉರು ಹೊಡೆದರೆ ಸಾಲದು, ಬಾಯಿಬಿಟ್ಟು ಮಾತಾಡಬೇಕು ಎಂಬುದು ಅವರ ಹಟ. ಶನಿವಾರದ ಕೊನೆಯ ಪೀರಿಯಡ್ಡು ಚರ್ಚೆಗೆ ಮೀಸಲು. ಎದ್ದು ನಿಂತು ಮಾತಾಡಿದವರ ಹೆಸರಿನ ಮುಂದೆ ನಾನು ನೋಟ್ ಪುಸ್ತಕದಲ್ಲಿ ಒಂದು ಗೀಟು ಎಳೆಯಬೇಕು. ಆ ವರ್ಷ ಟೀಚರ್ ಟ್ರೈನಿಂಗಿಗೆ ನಮ್ಮ ಶಾಲೆಯಿಂದ ಒಬ್ಬ ಹುಡುಗನ, ಒಬ್ಬ ಹುಡುಗಿಯ ಹೆಸರು ಕಳಿಸುವುದಿತ್ತು. ಪರೀಕ್ಷೆಯಲ್ಲಿ ಯಾವಾಗಲೂ ಕದಿರಮ್ಮನೇ ಮುಂದೆ. ಆದರೆ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಒಂದೂ ಗೀಟಿಲ್ದೋರ ಹೆಸರು ನಾನು ಕಳಿಸಲ್ಲ. ಬಾಯಿಲ್ದೋರು ಪಾಠ ಏನು ಮಾಡ್ತಾರೆ?"

ಕದಿರಮ್ಮನಿಗೆ ಒಂದೂ ಗೀಟಿರಲಿಲ್ಲ.

ಅವಳ ತಾಯಿ ಓಬಳಮ್ಮ ಪಟೇಲರ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸುವವಳು. ಪಟೇಲರ ಮಗಳು ಶ್ಯಾಮಲಮ್ಮ ನಮ್ಮ ತರಗತಿಯಲ್ಲೇ, ಮುಂದಿನ ಸಾಲಿನಲ್ಲಿ. "ಪಟೇಲರ ಮಗಳಿಗಿಂತ ಮುಂಚೆ ಬಾಯಿಬಿಟ್ಟೀಯ, ಜೋಕೆ" ಎಂದು ಓಬಳಮ್ಮ ಮಗಳಿಗೆ ಹೇಳಿಯೇ ಕಳಿಸುತ್ತಿದ್ದಳು. ಹಾಗಾಗಿ ಮೇಷ್ಟ್ರು ಪ್ರಶ್ನೆ ಕೇಳಿದೊಡನೆ ಕದಿರಮ್ಮ ಹಿಂದಿನಿಂದ ತೆಲುಗಿನಲ್ಲಿ ಪಿಸುಗುಟ್ಟುವಳು, ಶ್ಯಾಮಲಮ್ಮ ಎದ್ದು ಅದನ್ನೇ ಕನ್ನಡದಲ್ಲಿ ಒಪ್ಪಿಸುವಳು. ನಾನು ಶ್ಯಾಮಲಮ್ಮನ ಮುಂದೆ ಗೀಟು ಎಳೆಯುವೆ. ನನಗೇನು ಕಿವುಡೇ? ಎಲ್ಲ ಕೇಳಿಸುತ್ತಿತ್ತು. ಪಟೇಲರ ಮನೆಯ ಕಡೆಗೆ ಬೆರಳು ತೋರಿಸುವ ಗುಂಡಿಗೆ ನನಗಿರಲಿಲ್ಲ, ಅಷ್ಟೇ.

ಕೊನೆಯ ಶನಿವಾರ ಬಂತು. ಬೆಳಿಗ್ಗೆ ನೀರಿನ ಕೊಳಗದ ಹತ್ತಿರ ಕದಿರಮ್ಮ ನನ್ನನ್ನು ನಿಲ್ಲಿಸಿ, "ಕೋನಪ್ಪ, ಇವತ್ತು ನಾನೇ ಎದ್ದೇಳ್ತೀನಿ ಕಣೋ. ಒಂದೇ ಒಂದು ಗೀಟು ಸಾಕು ನಂಗೆ" ಎಂದಳು.

ಮೇಷ್ಟ್ರು ಕೇಳಿದ್ದು ರೇಷ್ಮೆ ಹುಳ ಯಾಕೆ ಸಾಯುತ್ತವೆ ಎಂದು. ಕದಿರಮ್ಮ ಎದ್ದಳು. "ತಡಿ ಆಕು ಪೆಡಿತೇ ಪುರುಗುಲು ಚಚ್ಚಿಪೋತಾಯಿ ಸಾರ್" ಅಂದುಬಿಟ್ಟಳು. ಒದ್ದೆ ಸೊಪ್ಪು ಹಾಕಿದರೆ ಹುಳ ಸಾಯುತ್ತವೆ. ಸರಿಯಾದ ಉತ್ತರವೇ, ಬಂದದ್ದು ತೆಲುಗಿನಲ್ಲಿ. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ತರಗತಿಯೆಲ್ಲ ನಕ್ಕಿತು. ಅಯ್ಯೋ, ನಗುವುದಕ್ಕೆ ನಾವೇನು ಮೈಸೂರಿನವರೇ? ಎಲ್ಲರ ಮನೆಯಲ್ಲೂ ತೆಲುಗೇ, ಮೇಷ್ಟ್ರ ಮನೆಯಲ್ಲೂ ತೆಲುಗೇ!

"ಕನ್ನಡದಲ್ಲಿ ಹೇಳಮ್ಮ" ಎಂದರು ಮೇಷ್ಟ್ರು. ಕದಿರಮ್ಮ ಕೂತುಬಿಟ್ಟಳು.

"ಗೀಟು ಹಾಕ್ಲಾ ಸಾರ್?" ಎಂದೆ.

"ಎಲ್ಲಿ ಮಾತಾಡಿದ್ಳಯ್ಯ?"

ಶ್ಯಾಮಲಮ್ಮ ಎದ್ದು ಅದೇ ಉತ್ತರವನ್ನು ಕನ್ನಡದಲ್ಲಿ ಹೇಳಿದಳು. ಟ್ರೈನಿಂಗಿಗೆ ಅವಳ ಹೆಸರೇ ಹೋಯಿತು. ಈಗ ಅದೇ ಶಾಲೆಯಲ್ಲಿ ಟೀಚರಮ್ಮ. ಹುಡುಗರ ಸೀಟಿನಲ್ಲಿ ನಾನೂ ಮೇಷ್ಟ್ರಾದೆ.

ಎಂಟು ವರ್ಷದ ಮೇಲೆ, ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ ಕದಿರಮ್ಮ ಸಿಕ್ಕಳು. ಕುದಿನೀರಿನಲ್ಲಿ ಗೂಡು ಕಲಕಿ ಕಲಕಿ ಬೆರಳುಗಳು ಬೆಂದು ಬಿಳಿಚಿಕೊಂಡಿದ್ದವು. "ಆವತ್ತು ನಾನು ಯಾರನ್ನೂ ಕೇಳದೆ ಒಂದು ಗೀಟು ಎಳೆದುಬಿಡಬೇಕಾಗಿತ್ತು ಕದಿರಮ್ಮ" ಎಂದೆ.

ಅವಳು ನೂಲಿನ ಎಳೆಯಿಂದ ಕಣ್ಣು ತೆಗೆಯಲಿಲ್ಲ.

"ಗೀಟಿನ ಮಾತು ಬಿಡಿ ಮೇಷ್ಟ್ರೇ. ಕನ್ನಡದಲ್ಲಿ ಹೇಳೋಕೆ ನಂಗೆ ಬರ್ತಿತ್ತು. ರಾತ್ರಿಯೆಲ್ಲ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ, ಹೆದರಿಕೇಲಿ ತೆಲುಗು ಬಂದ್ಬಿಡ್ತು. ಯಾರೂ ನಗದಿದ್ರೆ ಇನ್ನೊಂದು ಸಲ ಹೇಳ್ತಿದ್ದೆ. ಮೊದಲು ನಕ್ಕಿದ್ದು ನೀವು."

ಹೌದು, ನಾನೇ. ಎಂಟು ವರ್ಷ 'ಯಾರೋ ನಕ್ಕರು' ಎಂದೇ ಹೇಳಿಕೊಂಡು ಬಂದೆ. ಇಲ್ಲೂ ಹಾಗೇ ಬರೆದೆ.