ಏಳು ಗಂಟೆಯ ಮಿಸ್ ಕಾಲ್

ದೆವ್ವ, ಆತ್ಮ ಎಂದರೆ ನಗುತ್ತಿದ್ದವನು ನಾನು. ಮೂಡಲಗಿಯ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ.

ಎರಡು ವರ್ಷದ ಹಿಂದಿನ ಮಾತು. ಒಂದು ಬೀಡಿಯನ್ನೂ ಮುಟ್ಟದ ನನಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಜೀನಿನಲ್ಲೇ ದೋಷ ಎಂದರು ಬೆಳಗಾವಿಯ ಡಾಕ್ಟರು. ಒಂದು ಗುಳಿಗೆ ರೋಗದ ದಾರಿ ಕಟ್ಟಿದರೆ ಅದು ಇನ್ನೊಂದು ದಾರಿ ಹುಡುಕಿಕೊಳ್ಳುತ್ತದಂತೆ. ಎರಡೂ ದಾರಿಗೆ ಎರಡು ಗುಳಿಗೆ ಒಟ್ಟಿಗೆ ಕೊಟ್ಟರೆ ಮೈ ಎಷ್ಟು ತಾಳುತ್ತದೆ ಎಂದು ನೋಡುವ ಮೊದಲ ಹಂತದ ಪರೀಕ್ಷೆ ಅವರ ಆಸ್ಪತ್ರೆಯಲ್ಲಿ ನಡೆದಿತ್ತು. ಗುಣವಾಗುತ್ತದೆಂದು ಯಾರೂ ಮಾತು ಕೊಡಲಿಲ್ಲ. ಮದುವೆಯಾಗದ, ಹಿಂದೆ ಮುಂದೆ ಯಾರೂ ಇಲ್ಲದ ನಾನು ಸಹಿ ಹಾಕಿದೆ.

ಅದೇ ಪರೀಕ್ಷೆಗೆ ಸೇರಿದ್ದ ಹುಕ್ಕೇರಿಯ ಟೇಲರ್ ದಸ್ತಗೀರ ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದ. ಮಾತಾಡಿದರೆ ಇಬ್ಬರಿಗೂ ಕೆಮ್ಮು. ಅದಕ್ಕೆ ಅವನೇ ಉಪಾಯ ಹೇಳಿದ: “ಗುಳಿಗಿ ನುಂಗಿದ ಕೂಡ್ಲೇ ಒಂದ್ ಮಿಸ್ ಕಾಲ್ ಕೊಡೂಣ್ರಿ ಮಾಸ್ತರ. ಎತ್ತೂದ್ ಬ್ಯಾಡ.” ದಿನಾ ಸಂಜೆ ಏಳಕ್ಕೆ ಅವನ ರಿಂಗು, ಆಮೇಲೆ ನನ್ನದು. ಇಡೀ ದಿನದಲ್ಲಿ ನನ್ನನ್ನು ನೆನೆಯುತ್ತಿದ್ದವನು ಅವನೊಬ್ಬನೇ.

ಮಳೆಗಾಲದ ಕೊನೆಗೆ ಎರಡು ಸಂಜೆ ರಿಂಗು ಬರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ನನಗೋ ಬಾಯಿ ತುಂಬ ಹುಣ್ಣು, ಮೈಯೆಲ್ಲ ತುರಿಕೆ, ಮೇಲೆ ಜ್ವರ. ಗಂಜಿ ಕಾಸಿಕೊಡುವವರೂ ಇಲ್ಲ. ಮೂರನೆಯ ಸಂಜೆ, ಯಾರಿಗಾಗಿ ಈ ಒದ್ದಾಟ ಎನಿಸಿತು. ಉಳಿದ ಗುಳಿಗೆಗಳನ್ನು ಆಸ್ಪತ್ರೆಗೆ ಮರಳಿಸಲು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಸರಿಯಾಗಿ ಏಳಕ್ಕೆ ಫೋನು ಹೊಡೆದುಕೊಂಡಿತು. ಎರಡು ರಿಂಗು, ನಿಂತಿತು. ದಸ್ತಗೀರನ ಹೆಸರು. ತಿರುಗಿ ಮಾಡಿದೆ, ಸ್ವಿಚ್ ಆಫ್. ಆದರೂ ಜೀವಕ್ಕೆ ಹಾಯೆನಿಸಿತು. ಚೀಲ ಬಿಚ್ಚಿ ಗುಳಿಗೆ ನುಂಗಿದೆ.

ಅವನು ತೀರಿಕೊಂಡದ್ದು ತಿಳಿದದ್ದು ಮುಂದಿನ ತಪಾಸಣೆಗೆ ಹೋದಾಗ. ಮರುದಿನವೇ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದೆ. ಅವನ ಹೆಂಡತಿ ಪರದೆಯ ಆಚೆ ಕೂತು ದಿನ ಹೇಳಿದರು: ಅದೇ ಮೂರನೆಯ ಸಂಜೆ, ಮಸೀದಿಯಲ್ಲಿ ಬಾಂಗು ಆಗುವ ಹೊತ್ತಿಗೆ, ಏಳಕ್ಕಿಂತ ಮೊದಲು. ರಿಂಗಿನ ಮಾತನ್ನು ನಾನು ಎತ್ತಲಿಲ್ಲ. ಅವರೇ ಎತ್ತಿದರು.

“ಫೋನ್ ಎರಡ್ ದಿನ ಮದ್ಲ ನೀರಾಗ ಬಿದ್ದು ಕೆಟ್ಟಿತ್ರಿ. ‘ಮಾಸ್ತರ ಗುಳಿಗಿ ಬಿಡ್ತಾರ, ಯಾರರೆ ಒಂದ್ ರಿಂಗ್ ಕೊಡ್ರಿ’ ಅಂತ ಕಡೀತನಕ ಅಂದ್ರು. ನಿಮ್ಮ ನಂಬರ್ ನಮಗ ಯಾರಿಗೂ ಗೊತ್ತಿರಲಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ.”

ಕೆಟ್ಟ ಫೋನು ಅಲ್ಲೇ ಗೋಡೆಯ ಗೂಡಿನಲ್ಲಿತ್ತು.

ಜ್ವರದ ಭ್ರಮೆಯೋ, ಫೋನ್ ಕಂಪನಿಯ ಎಡವಟ್ಟೋ, ವಿಜ್ಞಾನದ ಮಾಸ್ತರನಿಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ಗುಳಿಗೆ ಇನ್ನೂ ನಡೆದಿದೆ. ಏಳಕ್ಕೆ ನುಂಗಿ, ಆ ನಂಬರಿಗೆ ಮಾಡುತ್ತೇನೆ. ಚಾಲ್ತಿಯಲ್ಲಿಲ್ಲ ಎನ್ನುತ್ತದೆ. ಆಮೇಲೂ ಸ್ವಲ್ಪ ಹೊತ್ತು ಫೋನನ್ನು ಕೆಳಗಿಡುವುದಿಲ್ಲ.