ಡಾಕ್ಟರರ ಸೆಕೆ

ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ದಿಢೀರನೆ ಏರುವ ಸೆಕೆಗೆಂದು ಕೊಲ್ಲಿ ನಾಡಿನ ಅಲ್ ರೀಮ್ ಐಲ್ಯಾಂಡಿನ ಕ್ಲಿನಿಕ್ಕೊಂದರಲ್ಲಿ ಹೊಸ ಮಾತ್ರೆಯ ಪರೀಕ್ಷೆ ನಡೆದಿತ್ತು. ಅದನ್ನು ನುಂಗಿದವರಲ್ಲಿ ನಾನೂ ಒಬ್ಬಳು. ಪರೀಕ್ಷೆ ನಡೆಸುತ್ತಿದ್ದ ಡಾಕ್ಟರರು ನಮ್ಮ ಮಂಗಳೂರು ಕಡೆಯವರೇ. ಕೋಟು ಬಿಚ್ಚಿದವರಲ್ಲ, ಕಣ್ಣೆತ್ತಿ ನೋಡಿದವರೂ ಅಲ್ಲ. ನನ್ನನ್ನು ದಿನಕ್ಕೆಷ್ಟು ಸಲ ಸೆಕೆಯಾಗುತ್ತದೆ ಎಂದು ಕೇಳಿದರೆ, ಪಕ್ಕದಲ್ಲಿ ಕೂತ ಭಟ್ಕಳದ ಹೆಂಗಸನ್ನು ನಿದ್ದೆ ಬರುತ್ತದೆಯೇ ಎಂದು ಕೇಳುವರು. ಮುಂದಿನ ತಿಂಗಳು ನನಗೆ ನಿದ್ದೆಯ ಪ್ರಶ್ನೆ, ಆಕೆಗೆ ಸಿಟ್ಟಿನದು. ಯಾರು ಏನೇ ಹೇಳಲಿ, ಕೊನೆಗೆ ಒಂದೇ ಮಾತು: "ಒಟ್ಟಾರೆ ಕಮ್ಮಿ ಆಗಿದೆ ಅಲ್ವಾ ಅಮ್ಮಾ?" ಈ ಕಲಸುಮೇಲೋಗರವನ್ನೇ ಸಂಶೋಧನೆ ಎಂದು ಬೀಗುತ್ತಿದ್ದರು.

ಒಂದು ಆಗಸ್ಟ್ ಮಧ್ಯಾಹ್ನ ಎ.ಸಿ. ಕೈಕೊಟ್ಟಿತು. ಡಾಕ್ಟರರು ಕೋಟು ಕಿತ್ತೆಸೆದು ಮೇಂಟೆನೆನ್ಸಿನವನಿಗೆ ಫೋನು ಮಾಡಿದರು. ಯಾವಾಗ ಶುರುವಾಯಿತು, ಎಷ್ಟು ಡಿಗ್ರಿಗೆ ಏರಿದೆ, ಎಷ್ಟು ಹೊತ್ತಿಗೊಮ್ಮೆ ತಣ್ಣಗಾಗಿ ಮತ್ತೆ ಬಿಸಿಯಾಗುತ್ತಿದೆ, ಒಂದನ್ನೂ ಬಿಡದೆ ಒಪ್ಪಿಸಿದರು.

ಅವರು ಫೋನಿಟ್ಟ ಮೇಲೆ ನಾನು ಕೇಳಿದೆ: "ಒಟ್ಟಾರೆ ಕಮ್ಮಿ ಆಗಿದೆ ಅಲ್ವಾ ಡಾಕ್ಟ್ರೇ?"

"ತಮಾಷೆ ಮಾಡ್ಬೇಡಿ ಅಮ್ಮಾ," ಎಂದರು, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ. "ಇದು ನಿಜವಾದ ಸೆಕೆ."